ಮುಂಡಪ್ಪ ಭಾವನ ದುರ್ಬೀನು ಕೋವಿ

"ಅಣ್ಣ ಊಟ ಬಿಟ್ಟಿದ್ದಾರೆ, ಕೂಡಲೇ ಬನ್ನಿ" ಎಂದು ನೀಲಾವತಿ ಬಸ್ಸಿನ ಕಂಡಕ್ಟರನಲ್ಲಿ ಹೇಳಿ ಕಳುಹಿಸಿದಾಗ ನಾನು ಬಂಟ್ವಾಳದ ನನ್ನ ಜವಳಿ ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ಬಟ್ಟೆ ಅಳೆಯುತ್ತಿದ್ದೆ. ಅಳತೆ ತಪ್ಪಿತು. ನೀಲಾವತಿ ನನ್ನ ಹೆಂಡತಿ. ನಮ್ಮ ಅಳಿಯಕಟ್ಟಿನಲ್ಲಿ ಹೆಂಗಸರ ಬೇರು ತಾಯಿಯ ಮನೆಯಲ್ಲೇ ಇರುತ್ತದೆ. ವರ್ಷದ ಅರ್ಧ ಅವಳು ಲಾಯಿಲದಿಂದ ಮುಂದೆ, ಘಟ್ಟದ ಬುಡದ ತನ್ನ ತರವಾಡು ಮನೆಯಲ್ಲಿ ಅಣ್ಣನಿಗೆ ಬೇಯಿಸಿ ಹಾಕುತ್ತಿದ್ದಳು, ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹೆಂಡತಿಯ ಮಾತು ಮೀರುವಷ್ಟು ಧೈರ್ಯ ನನಗೆ ಎಂದೂ ಇರಲಿಲ್ಲ. ಅಂಗಡಿಯ ಬಾಗಿಲು ಎಳೆದು ಮಧ್ಯಾಹ್ನದ ಬೆಳ್ತಂಗಡಿ ಬಸ್ಸು ಹತ್ತಿದೆ.

ಅವಳ ಅಣ್ಣ ಮುಂಡಪ್ಪ ಶೆಟ್ಟರು ಊಟ ಬಿಡುವ ಜಾತಿಯವರಲ್ಲ. ಹೆಂಡತಿ ತೀರಿಕೊಂಡಾಗಲೂ ಅತ್ತುಕೊಂಡೇ ಉಂಡವರು. ಗದ್ದೆಯ ಲೆಕ್ಕ ಅವರ ತಲೆಗೆ ಹತ್ತುತ್ತಿರಲಿಲ್ಲ, ನೆಂಟರ ಮದುವೆಯ ದಿನ ನೆನಪಿರುತ್ತಿರಲಿಲ್ಲ, ಒಮ್ಮೆ ನನ್ನದೇ ಚಪ್ಪಲಿ ಹಾಕಿಕೊಂಡು ಹೋಗಿ ಅದು ತನ್ನದೇ ಎಂದು ಜಗಳಕ್ಕೆ ಬಂದಿದ್ದರು. ಊರಿನಲ್ಲಿ ಅವರ ಹೆಸರು ನಿಂತದ್ದು ಕಣ್ಣಿನ ಮೇಲೆ. ಹೊಳೆಯ ಆಚೆ ದಡದ ಬಸ್ಸಿನ ಬೋರ್ಡನ್ನು ಈಚೆ ನಿಂತು ಓದುತ್ತಿದ್ದರು. ರಾತ್ರಿ ಪೈರಿಗೆ ಇಳಿದ ಹಂದಿಯನ್ನು ಅಪ್ಪನ ಕಾಲದ ಕೇಪಿನ ಕೋವಿಯಲ್ಲೇ ಒಂದೇಟಿಗೆ ಉರುಳಿಸುತ್ತಿದ್ದರು. "ಮುಂಡಪ್ಪಣ್ಣ ಇದ್ದಾರಲ್ಲ" ಎಂದು ಹೇಳಿ ಸುತ್ತಿನ ಒಕ್ಕಲಿನವರು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಆ ಮಾತು ಅವರ ಕಿವಿಗೆ ಬಿದ್ದರೆ ಸಾಕು, ಮೀಸೆ ತನ್ನಷ್ಟಕ್ಕೆ ಮೇಲೇಳುತ್ತಿತ್ತು.

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಎಲ್ಲವನ್ನೂ ಮಾರಿ ಹಡಗು ಹತ್ತಿದ. ಹೋಗುವಾಗ ಅವನ ಆನೆ ಹೊಡೆಯುವ ಕೋವಿ ನಮ್ಮ ಭಾವನ ಪಾಲಿಗೆ ಬಂತು. ಅದರ ತೋಟೆಯೊಂದು ನನ್ನ ಹೆಬ್ಬೆರಳಿಗಿಂತ ದಪ್ಪ. ಹೊಡೆದರೆ ಹೆಗಲು ಹರಿದುಹೋಗುವ ಹಾಗೆ ಒದೆಯುತ್ತಿತ್ತು. ಮೇಲೊಂದು ಜರ್ಮನಿಯ ದುರ್ಬೀನು ಕೂರಿಸಿದ್ದರು. ಅದರೊಳಗೆ ಕೂದಲಿನಷ್ಟು ತೆಳ್ಳಗಿನ ಎರಡು ಗೆರೆಗಳು ಕೂಡುವ ಜಾಗದಲ್ಲಿ ಪ್ರಾಣಿಯನ್ನು ಇಟ್ಟರೆ ಗುಂಡು ಅಲ್ಲಿಗೇ ಹೋಗಬೇಕು. ಬೇಸಗೆಯಲ್ಲಿ ಹಾಗೇ ಹೋಗುತ್ತಿತ್ತು. ದೂರದ ಬಂಡೆಯ ಮೇಲಿಟ್ಟ ತೆಂಗಿನ ಗೆರಟೆಯನ್ನು ಹಾರಿಸಿ ಅವರು ನನ್ನ ಕಡೆ ತಿರುಗಿ ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ನವರಾತ್ರಿ ಮುಗಿದು ಮಳೆಗಾಲದ ಏಣೆಲು ಪೈರು ಹಳದಿಗೆ ತಿರುಗಿದಾಗ ಒಂಟಿ ಕಾಟಿಯೊಂದು ಗದ್ದೆಗೆ ಇಳಿಯತೊಡಗಿತು. ಕಾಟಿ ಎಂದರೆ ಕಾಡುಕೋಣ, ಹಿಂಡಿನಿಂದ ಹೊರಬಿದ್ದ ಮುದಿ ಗಂಡು, ಬೈದರೂ ತಮಟೆ ಬಡಿದರೂ ಕದಲುವುದಿಲ್ಲ. ಭಾವ ಅಟ್ಟ ಕಟ್ಟಿಸಿ ಕೂತರು. ಬೆಳಗಾಗುವ ಹೊತ್ತಿಗೆ ಅದು ಅಡ್ಡಲಾಗಿ ನಿಂತಿತು, ಅವರು ಭುಜಕ್ಕೆ ಗುರಿಯಿಟ್ಟರು, ಗುಂಡು ಹಿಂತೊಡೆಗೆ ಬಡಿಯಿತು. ಗಾಯಗೊಂಡ ಕಾಟಿ ಗದ್ದೆಯಂಚಿನ ನೀರಿನ ತೋಡಿನ ಕಡೆ ನುಗ್ಗಿದಾಗ ಅಲ್ಲಿ ಒಕ್ಕಲು ನೋಣಯ್ಯ ತನ್ನ ಎಮ್ಮೆಗಳನ್ನು ಹೊಡೆದುಕೊಂಡು ಬರುತ್ತಿದ್ದ. ಕಾಟಿ ಅವನನ್ನು ಕೊಂಬಿನಲ್ಲಿ ಎತ್ತಿ ಎಸೆಯಿತು. ನೋಣಯ್ಯನ ತೊಡೆಯ ಮೂಳೆ ಮುರಿದು ಹೊರಗೆ ಬಂತು.

ನಾನು ಮನೆ ತಲುಪಿದಾಗ ಭಾವ ಜಗಲಿಯ ಮೂಲೆಯಲ್ಲಿ ಒಂದು ಕಣ್ಣು ಮುಚ್ಚಿ ಅಂಗಳದ ತುಳಸಿಕಟ್ಟೆಯನ್ನು ನೋಡುತ್ತಿದ್ದರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

"ಏನು ಭಾವ, ತುಳಸಿಗೆ ಕಣ್ಣು ಹೊಡೆಯುವುದಾ ಈ ಪ್ರಾಯದಲ್ಲಿ?" ಎಂದೆ.

ಅವರು ನಗಲಿಲ್ಲ. "ಬಲಗಣ್ಣಿನಲ್ಲಿ ಎಲೆ ಸ್ವಲ್ಪ ಮಸುಕು ಕಾಣ್ತದೆ ಅಂತ ತೋರ್ತದೆ. ಅಥವಾ ಹಾಗೆ ನನಗೆ ಅನ್ನಿಸುವುದಾ, ಗೊತ್ತಾಗುವುದಿಲ್ಲ" ಎಂದರು.

ಒಳಗಿನಿಂದ ನೀಲಾವತಿ ಸೌಟು ಹಿಡಿದೇ ಬಂದಳು. "ಅಣ್ಣನ ಕಣ್ಣಿಗೆ ಏನೂ ಆಗಲಿಲ್ಲ. ಆ ಬಿಳಿಯನ ಕೋವಿಯೇ ಹಾಳು. ಊರವರು ಏನು ಬೇಕಾದರೂ ಹೇಳಲಿ, ಅಣ್ಣನ ಗುರಿ ತಪ್ಪುವುದಿಲ್ಲ" ಎಂದಳು. ಊರವರು ಹೇಳುವುದನ್ನು ಬಿಟ್ಟಿರಲಿಲ್ಲ. ಮುಂಡಪ್ಪಣ್ಣನಿಗೆ ಕಣ್ಣು ಕಟ್ಟಿತು ಎಂದು ಕೆಲವರು, ಆ ಒದೆತಕ್ಕೆ ಹೆದರಿ ಕೈ ನಡುಗಿತು ಎಂದು ಕೆಲವರು, ದೈವಕ್ಕೆ ವರ್ಷದ ತಂಬಿಲದ ಪೂಜೆ ಕೊಡದ್ದಕ್ಕೆ ಹೀಗಾಯಿತು ಎಂದು ಇನ್ನು ಕೆಲವರು. ಅಷ್ಟಾಗಿಯೂ ಕಾಟಿ ಸತ್ತಿರಲಿಲ್ಲ. ಮೂರು ಕಾಲಿನಲ್ಲಿ ಕುಂಟುತ್ತ ಗುಡ್ಡೆಯ ಪೊದೆಯಲ್ಲಿ ಅವಿತಿತ್ತು. ಆ ಗುಡ್ಡೆಯ ದಾರಿಯಲ್ಲೇ ಮಕ್ಕಳು ಶಾಲೆಗೆ ಹೋಗಬೇಕು, ಹೆಂಗಸರು ಸೊಪ್ಪಿಗೆ ಹೋಗಬೇಕು. ಗಾಯಗೊಂಡ ಕಾಟಿ ಮನುಷ್ಯನ ವಾಸನೆ ಬಂದರೆ ಓಡುವುದಿಲ್ಲ, ಕಾದು ನಿಲ್ಲುತ್ತದೆ. ಅದನ್ನು ಮುಗಿಸುವುದು ಭಾವನದೇ ಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

"ಹೋಗ್ತೇನೆ" ಎಂದರು ಅವರು ನೀಲಾವತಿ ಒಳಗೆ ಹೋದ ಮೇಲೆ. "ಆದರೆ ತಪ್ಪು ನನ್ನದಾ ಕೋವಿಯದಾ ಅಂತ ಗೊತ್ತಾಗದೆ ಹೇಗೆ ಹೋಗುವುದು ಭಾವ? ಇನ್ನೊಂದು ಸಲ ತಪ್ಪಿದರೆ ಇನ್ನೊಬ್ಬ ನೋಣಯ್ಯ."

ಅವರ ಕೈಬೆರಳು ಪಂಚೆಯ ಅಂಚನ್ನು ಮಡಚುತ್ತ ಬಿಡುತ್ತ ಇತ್ತು. ಅವರನ್ನು ಹಾಗೆ ನೋಡಿ ನನಗೆ ಹೆದರಿಕೆಯಾಯಿತು. ಧೈರ್ಯ ಎನ್ನುವುದು ಆ ಮನೆಯಲ್ಲಿ ಅವರೊಬ್ಬರ ಪಾಲಿನದು, ಅವರೇ ನಡುಗಿದರೆ ನನ್ನಂಥವನ ಗತಿ ಏನು?

ಮರುದಿನ ಬೆಳಿಗ್ಗೆ ಹಳೆಯ ಕೆಂಪುಕಲ್ಲಿನ ಪಣೆಗೆ ಹೋದೆವು. ಕಲ್ಲು ಕಡಿದು ಕಡಿದು ಗೋಡೆಯ ಹಾಗೆ ನಿಂತ ಆ ಹೊಂಡದಲ್ಲಿ ಗುಂಡು ಹೊಡೆದರೆ ಯಾರಿಗೂ ತಗಲುವುದಿಲ್ಲ. ಹಲಗೆಯೊಂದಕ್ಕೆ ಸುಣ್ಣದ ಬೊಟ್ಟಿಟ್ಟು ಗೋಡೆಗೆ ಒರಗಿಸಿದೆ. ಕೈ ನಡುಗಿದರೂ ಕೋವಿ ನಡುಗಬಾರದೆಂದು ಮರಳು ತುಂಬಿದ ಗೋಣಿಯ ಮೇಲೆ ನಳಿಗೆ ಇಟ್ಟರು. ತೋಟೆಗಳು ಹೆಚ್ಚಿರಲಿಲ್ಲ, ಅಂಥ ತೋಟೆ ಈಗ ಮಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಪರೀಕ್ಷೆಗೆ ಖರ್ಚು ಮಾಡಿದಷ್ಟೂ ಕಾಟಿಗೆ ಕಡಿಮೆ.

ಮೊದಲನೆಯದು ಬೊಟ್ಟಿನಿಂದ ಒಂದು ಗೇಣು ಬಲಕ್ಕೆ ಬಡಿಯಿತು. ಎರಡನೆಯದು ಅದಕ್ಕಿಂತ ಮೇಲೆ. ಮೂರನೆಯದು ಹಲಗೆಯನ್ನೇ ಬಿಟ್ಟು ಕಲ್ಲಿನ ಪುಡಿ ಹಾರಿಸಿತು.

"ಎಲ್ಲ ಒಂದೇ ಕಡೆ ತಪ್ಪಿದ್ದರೆ ದುರ್ಬೀನನ್ನು ಸ್ವಲ್ಪ ತಿರುಗಿಸಿದರೆ ಸಾಕಿತ್ತು" ಎಂದರು ಭಾವ. "ಇದು ಕುಡಿದವ ಹೊಡೆದ ಹಾಗೆ ಉಂಟು. ಮುದುಕ ಹೊಡೆದ ಹಾಗೆ." ಆ ದಿನ ಮಧ್ಯಾಹ್ನ ನೀಲಾವತಿ ಬಡಿಸಿದ್ದನ್ನು ಅವರು ನಾಯಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ.

ಮೂಡಬಿದ್ರೆಯಲ್ಲಿ ಲೋಕನಾಥ ಎಂಬ ನಿವೃತ್ತ ಮಿಲಿಟರಿಯವನಿದ್ದ. ಯುದ್ಧಕಾಲದಲ್ಲಿ ಬರ್ಮಾದಲ್ಲಿ ಕೋವಿ ರಿಪೇರಿ ವಿಭಾಗದಲ್ಲಿದ್ದವನು. ಕೋವಿಯನ್ನು ಗೋಣಿಯಲ್ಲಿ ಸುತ್ತಿ ವೇಣೂರಿನ ದಾರಿಯಾಗಿ ಅವನ ಮನೆಗೆ ಹೋದೆವು. ಅವನು ಮೊದಲು ಬರ್ಮಾದ ಕಥೆ ಹೇಳಿದ, ಚಹಾ ಬಂದ ಮೇಲೆ ಅದನ್ನೇ ಇನ್ನೊಮ್ಮೆ ಹೇಳಿದ. ಆಮೇಲೆ ದುರ್ಬೀನನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಲ್ಲಿ ತಟ್ಟಿ, ತೀರ್ಪು ಕೊಟ್ಟ.

"ಒಳಗಿನ ಗಾಜು ಹೋಗಿದೆ ಶೆಟ್ರೇ. ಮದ್ರಾಸಿಗೆ ಕಳಿಸಬೇಕು. ತಿರುಗಿ ಬರುವಾಗ ಮುಂದಿನ ವರ್ಷದ ಮಳೆ ಬಂದಿರ್ತದೆ."

"ಗಾಜು ಹೋಗಿದ್ದರೆ ಗೆರೆ ಇಷ್ಟು ಸ್ವಚ್ಛ ಕಾಣುತ್ತದಾ?" ಎಂದು ಭಾವ ಕೇಳಿದರು.

ಲೋಕನಾಥನಿಗೆ ಸಿಟ್ಟು ಬಂತು. "ಹಾಗಾದರೆ ನಿಮ್ಮದೇ ತಪ್ಪು. ಇಂಥ ಕೋವಿಯ ಒದೆತ ತಿಂದವ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಹೆಗಲು ಕುಗ್ಗಿಸುತ್ತಾನೆ. ಅವನಿಗೇ ಗೊತ್ತಾಗುವುದಿಲ್ಲ. ಮಿಲಿಟರಿಯಲ್ಲಿ ನಾವು ಹುಡುಗರಿಗೆ ಹೇಳದೆ ಖಾಲಿ ತೋಟೆ ಹಾಕಿಕೊಡ್ತಿದ್ದೆವು. ಗುಂಡು ಹಾರುವುದಿಲ್ಲ, ಆದರೆ ಹೆದರುವವನ ನಳಿಗೆ ಗಕ್ಕನೆ ಕೆಳಗೆ ಬೀಳ್ತದೆ. ನೋಡಿ ಪರೀಕ್ಷೆ ಮಾಡಿ."

ಹಿಂದೆ ಬರುವಾಗ ಬಸ್ಸು ಗುರುವಾಯನಕೆರೆ ದಾಟಿದ ಮೇಲೆ ಭಾವ, "ಕಣ್ಣು ಹೋದರೆ ಅದು ಪ್ರಾಯ. ಹೆದರಿದ್ದಾದರೆ?" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ.

ಮತ್ತೆ ಪಣೆಗೆ ಹೋದೆವು. ಈ ಸಲ ತೋಟೆ ಹಾಕುವವನು ನಾನು. ಅವರು ಮುಖ ತಿರುಗಿಸಿ ನಿಲ್ಲಬೇಕು, ಒಳಗೆ ಇರುವುದು ಜೀವದ ತೋಟೆಯೋ ಹೊಡೆದು ಮುಗಿದ ಖಾಲಿ ತೋಟೆಯೋ ಅವರಿಗೆ ಗೊತ್ತಾಗಬಾರದು. ಬಟ್ಟೆ ಮಾರುವ ನನ್ನ ಕೈಯಲ್ಲಿ ಆನೆಕೋವಿ! ಬೆವರಿ ತೋಟೆ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಸಲ ಹೇಗೋ ಖಾಲಿಯದನ್ನೇ ತುರುಕಿ ಕೊಟ್ಟೆ. ಅವರು ಮಲಗಿ ಗುರಿಯಿಟ್ಟರು. ನಾನು ನಳಿಗೆಯ ತುದಿಯನ್ನೇ ನೋಡುತ್ತಿದ್ದೆ. ಅದು ಕೆಳಗೆ ಬಿದ್ದರೆ ಏನು ಹೇಳುವುದು, ಸುಳ್ಳು ಹೇಳುವುದಾ ಎಂದು ಯೋಚಿಸುತ್ತಿದ್ದೆ.

ಟಿಕ್ ಎಂದಿತು. ನಳಿಗೆ ಕಲ್ಲಿನಲ್ಲಿ ನೆಟ್ಟ ಹಾಗೆ ಇತ್ತು.

"ಅಲುಗಲಿಲ್ಲ ಭಾವ! ದೇವರಾಣೆ ಅಲುಗಲಿಲ್ಲ!" ಎಂದು ನಾನು ಕುಣಿದೆ.

ಅವರು ನಂಬಲಿಲ್ಲ. ಇನ್ನೊಮ್ಮೆ ಮಾಡಿಸಿದರು, ಮತ್ತೊಮ್ಮೆ ಮಾಡಿಸಿದರು. ಹೆದರಿಕೆ ಅಲ್ಲವೆಂದು ಒಪ್ಪಿದ ಮೇಲೆ ಅವರ ಚಿಂತೆ ಪೂರ್ತಿ ಕಣ್ಣಿನ ಮೇಲೆ ಬಂದು ಕೂತಿತು. "ದುರ್ಬೀನು ತೆಗೆದು ಹೊಡೆಯುತ್ತೇನೆ" ಎಂದರು. ದುರ್ಬೀನಿಲ್ಲದಿದ್ದರೆ ನಳಿಗೆಯ ತುದಿಯ ಚಿಕ್ಕ ಉಬ್ಬನ್ನೂ ಹಿಂದಿನ ಸೀಳನ್ನೂ ಒಂದೇ ಸಾಲಿಗೆ ತಂದು ಬರಿಗಣ್ಣಿನಲ್ಲಿ ಗುರಿಯಿಡಬೇಕು. ಅಲ್ಲಿ ಯಾವ ಗಾಜೂ ಇಲ್ಲ, ದೂರುವುದಕ್ಕೆ ಯಾರೂ ಇಲ್ಲ. ಸ್ಕ್ರೂಗಳನ್ನು ಬಿಚ್ಚಿ ದುರ್ಬೀನನ್ನು ಅದನ್ನು ಹಿಡಿದಿದ್ದ ಎರಡು ಕಬ್ಬಿಣದ ಬಳೆಗಳೊಂದಿಗೆ ಎತ್ತಿ ನನ್ನ ಮಡಿಲಿಗೆ ಹಾಕಿದರು. ಸ್ಕ್ರೂಗಳು ಬಹಳ ಸುಲಭವಾಗಿ ಬಂದವು. ಆಗ ನಾವಿಬ್ಬರೂ ಅದನ್ನು ಗಮನಿಸಲಿಲ್ಲ, ನಮ್ಮ ಜೀವ ಹಲಗೆಯ ಮೇಲಿತ್ತು.

ಮೂರು ಗುಂಡು ಹೊಡೆದರು. ನಾನು ದುರ್ಬೀನನ್ನು ಗೋಣಿಯ ಪಕ್ಕ ಇಟ್ಟು ಓಡಿಹೋಗಿ ನೋಡಿದೆ. ಮೂರೂ ತೂತುಗಳನ್ನು ಒಂದು ಗೆರಟೆಯಿಂದ ಮುಚ್ಚಬಹುದಿತ್ತು. ಕೂಗಿ ಹೇಳಲು ತಿರುಗಿದರೆ ಭಾವ ಅಲ್ಲೇ ಗೋಣಿಯ ಮೇಲೆ ಮುಖವಿಟ್ಟು ಅಳುತ್ತಿದ್ದರು. ನಾನು ಸ್ವಲ್ಪ ಹೊತ್ತು ಹಲಗೆಯ ಹತ್ತಿರವೇ ನಿಂತೆ.

ಆಮೇಲೆ ಕೆಳಗೆ ನೋಡಿದೆ. ಬಿಳಿ ಪಂಚೆಯ ಮಡಿಲೆಲ್ಲ ಕೆಂಪು. ಕಲ್ಲಿನ ಚೂರು ಹಾರಿ ನನಗೆ ಬಡಿಯಿತೆಂದೇ ತಿಳಿದು "ಭಾವಾ, ನಾನು ಹೋದೆ!" ಎಂದು ಕಿರುಚಿದೆ. ಅವರು ಎದ್ದುಬಿದ್ದು ಓಡಿಬಂದರು, ಪಂಚೆ ಸರಿಸಿ ನೋಡಿದರು, ಹೊಟ್ಟೆ ತಟ್ಟಿ ನೋಡಿದರು. ಗಾಯ ಇರಲಿಲ್ಲ. ಅವರು ಆ ಕೆಂಪನ್ನು ಬೆರಳಿನಲ್ಲಿ ಉಜ್ಜಿ ಮೂಸಿದರು.

"ಎಳ್ಳೆಣ್ಣೆ" ಎಂದರು. "ಕುಂಕುಮ ಕಲಸಿದ ಎಳ್ಳೆಣ್ಣೆ."

ದುರ್ಬೀನನ್ನು ಹಿಡಿದಿದ್ದ ಬಳೆಗಳ ಒಳಗೆ, ಅಡಿಯ ಪಟ್ಟಿಯ ಕೆಳಗೆ, ಸ್ಕ್ರೂವಿನ ಪ್ರತಿ ತೂತಿನಲ್ಲೂ ಅದೇ ಕೆಂಪು ಎಣ್ಣೆ ನಿಂತಿತ್ತು. ನಮ್ಮ ಮನೆಗಳಲ್ಲಿ ಆಯುಧಪೂಜೆಯ ದಿನ ಕತ್ತಿ, ನೇಗಿಲ ಗುಳ, ಕೋವಿ ಎಲ್ಲವನ್ನೂ ಒರಸಿ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ. ಕೇಪಿನ ಕೋವಿಗೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲ, ತುಕ್ಕು ಹಿಡಿಯುವುದಿಲ್ಲ. ಈ ಹೊಸ ಕೋವಿಗೆ ಮೊದಲ ಪೂಜೆ ಎಂದು ಈ ಸಲ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ಸಂದು ಸಂದಿಗೂ ಇಳಿಸಿದ್ದರು. ಇಳಿಸಿದ್ದು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಆ ಮನೆಯ ಪೂಜೆಯ ಎಣ್ಣೆ ನೀಲಾವತಿಯ ಕೈಯದು.

ಭಾವ ಎಣ್ಣೆಯ ಬೆರಳನ್ನು ಪಂಚೆಗೆ ಒರಸಿಕೊಂಡರು. ಆಮೇಲೆ, "ಖಚಿತ ಮಾಡಿಕೊಳ್ಳುವ" ಎಂದರು. ದುರ್ಬೀನನ್ನು ಇದ್ದ ಹಾಗೇ ಮತ್ತೆ ಕೂರಿಸಿ ಸ್ಕ್ರೂ ಬಿಗಿ ಮಾಡಿದರು. ನನ್ನ ಅಂಗಿಯ ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇತ್ತು. ಬಳೆ ಮುಗಿಯುವಲ್ಲಿ ದುರ್ಬೀನಿನ ಮೈಮೇಲೆ ಗೆರೆ ಎಳೆದೆ. ಒಂದು ಗುಂಡು ಹೊಡೆದರು. ಗೆರೆ ಬಳೆಯಿಂದ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗಿತ್ತು. ಎಣ್ಣೆಯಲ್ಲಿ ಕೂತ ದುರ್ಬೀನು ಅಂದು ಅಟ್ಟ ಏರಿಸುವಾಗಲೇ ಕದಲಿರಬೇಕು, ಕೋವಿ ಹಿಂದಕ್ಕೆ ಒದೆಯುವಾಗಲಂತೂ ಪ್ರತಿ ಸಲವೂ ಜಾರುತ್ತಿತ್ತು, ಅಡಿಯ ಪಟ್ಟಿಯೂ ಹೊಯ್ದಾಡುತ್ತಿತ್ತು, ಗೆರೆಗಳು ಪ್ರತಿ ಸಲವೂ ಹೊಸ ಸುಳ್ಳು ಹೇಳುತ್ತಿದ್ದವು.

"ಅಂತೂ ನಿಮ್ಮ ಕಣ್ಣಲ್ಲ, ನಿಮ್ಮ ಕೈಯೂ ಅಲ್ಲ" ಎಂದೆ. ನನಗೆ ಸಂತೋಷಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ನೀಲಾವತಿ ನನ್ನ ಹೆಂಡತಿಯಲ್ಲವೇ?

"ಮೊದಲು ಕಾಟಿ" ಎಂದರು ಅವರು, ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕೆಂಪನ್ನು ಒರಸುತ್ತ. "ಪೊದೆಯೊಳಗೆ ದುರ್ಬೀನು ಬೇಡ. ಹತ್ತಿರ ಹೋಗಬೇಕಷ್ಟೆ."

ಆ 'ಅಷ್ಟೆ' ಎನ್ನುವ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೆ ಸಿಟ್ಟೇ ಬಂತು. ಮರುದಿನ ಅವರು ಗುಡ್ಡೆ ಹತ್ತಿದಾಗ ನಾನು ತೋಡಿನ ಬದಿಯ ಮಾವಿನ ಮರ ಹತ್ತಿದ್ದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಪೊದೆಯ ತಲೆ ಮತ್ತು ಅವರ ತಲೆಯ ಮೇಲಿನ ಅಡಿಕೆಹಾಳೆಯ ಮುಟ್ಟಾಳೆ ಮಾತ್ರ. ಮುಟ್ಟಾಳೆ ನಿಧಾನ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸರಿಯುತ್ತಿತ್ತು. ಎಲ್ಲೋ ಒಣ ಕೊಂಬೆ ಮುರಿದ ಸದ್ದು. ಬುಸ್ ಎಂಬ ಉಸಿರು. ಪೊದೆ ಒಮ್ಮೆಲೇ ಸೀಳಿತು, ಮುಟ್ಟಾಳೆ ಮಾಯವಾಯಿತು, ಕೋವಿ ಗರ್ಜಿಸಿತು. ಆಮೇಲೆ ಏನೂ ಕೇಳಲಿಲ್ಲ. ನಾನು ನನಗೆ ಗೊತ್ತಿದ್ದ ದೇವರುಗಳ ಹೆಸರನ್ನೆಲ್ಲ ಹೇಳಿ ಮುಗಿಸಿ ಎರಡನೆಯ ಸುತ್ತು ಶುರುಮಾಡಿದ್ದೆ, ಆಗ ಅವರ ಕೂಗು ಕೇಳಿತು.

"ಭಾವಾ, ಇಳಿಯಿರಿ ಮಾರಾಯ್ರೇ! ಮುಗಿಯಿತು."

ಕಾಟಿ ಅವರ ಕಾಲಿನಿಂದ ಎರಡು ಮಾರು ದೂರದಲ್ಲಿ ಬಿದ್ದಿತ್ತು, ಗುಂಡು ಹಣೆಗೆ. ಹಿಂತೊಡೆಯ ಹಳೆಯ ಗಾಯದಲ್ಲಿ ಹುಳ ತುಂಬಿತ್ತು. ಭಾವ ಅದರ ಪಕ್ಕ ಕುಕ್ಕರಿಸಿ ಆ ಗಾಯಕ್ಕೂ ಭುಜಕ್ಕೂ ನಡುವಿನ ದೂರವನ್ನು ಗೇಣು ಹಾಕಿ ಅಳೆದರು. ಅಳೆದು, "ಪಾಪ, ಇದಕ್ಕೂ ಎಷ್ಟು ನೋವಾಗಿರಬೇಕು" ಎಂದರು.

ಅಷ್ಟರಲ್ಲಿ ನೋಣಯ್ಯನನ್ನು ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ತಂದಿದ್ದರು. ತೊಡೆಯವರೆಗೆ ಗಾರೆಕಟ್ಟು. ಜೀವ ಉಳಿಯಿತು, ಆದರೆ ಕಾಲು ಗಿಡ್ಡವಾಗುತ್ತದೆ, ಇನ್ನು ಉಳುಮೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಾಟಿ ಬಿದ್ದ ಸಂಜೆಯೇ ಭಾವ ಅವನನ್ನು ನೋಡಲು ಹೊರಟರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ನನಗೆ ಒಪ್ಪಿಸುತ್ತಿದ್ದರು. "ಎಣ್ಣೆಯಿಂದ ದುರ್ಬೀನು ಜಾರಿತ್ತು, ನನ್ನ ಕಣ್ಣಿನ ತಪ್ಪಲ್ಲ, ಹೆದರಿದ್ದೂ ಅಲ್ಲ." ಅಷ್ಟು ದಿನಗಳ ಮೇಲೆ ಮೊದಲ ಸಲ ಅವರ ಬೆನ್ನು ನೆಟ್ಟಗಿತ್ತು.

ಮನೆಯೊಳಗೆ ಹೋದರೆ ನಮಗಿಂತ ಮೊದಲೇ ನೀಲಾವತಿ ಬಂದಿದ್ದಳು. ಚಾಪೆಯ ಪಕ್ಕ ಕೂತು ನೋಣಯ್ಯನಿಗೆ ಗಂಜಿ ಕುಡಿಸುತ್ತಿದ್ದಳು. ಅವಳ ಮಡಿಲಿನಲ್ಲಿ ಅವನ ಸಣ್ಣ ಮಗಳು ನಿದ್ದೆ ಹೋಗಿದ್ದಳು.

ನೋಣಯ್ಯ ತಲೆ ಎತ್ತಿದ. "ಕಾಟಿ ಬಿತ್ತಂತೆ ಧನಿಗಳೇ. ಒಳ್ಳೆಯದಾಯಿತು." ಮತ್ತೆ ಬಹಳ ದಿನದಿಂದ ನುಂಗಿಕೊಂಡಿದ್ದನ್ನು ಕೇಳಿದ. "ಅವತ್ತು ಯಾಕೆ ತಪ್ಪಿತು? ನಿಮ್ಮದು ತಪ್ಪುವುದು ನಾನು ಕಂಡದ್ದೇ ಇಲ್ಲ. ಮಲಗಿದಲ್ಲಿ ಅದನ್ನೇ ಯೋಚನೆ ಮಾಡ್ತೇನೆ."

"ಕೋವಿ, ಮತ್ತೇನು?" ಎಂದಳು ನೀಲಾವತಿ. "ನಾನು ಮೊದಲಿನಿಂದಲೂ ಹೇಳ್ತಾ ಇದ್ದೇನೆ. ಪರೀಕ್ಷೆ ಮಾಡಿದಿರಲ್ಲ ಅಣ್ಣ, ಕೋವಿಯಲ್ಲೇ ಏನೋ ಇತ್ತಲ್ಲ? ಹೇಳಿ ಅವನಿಗೆ."

ಅವಳು ಅಣ್ಣನ ಕಡೆ ಮುಖ ಎತ್ತಿದ್ದಳು. ಗಂಜಿಯ ಚಮಚ ಅರ್ಧದಲ್ಲಿ ನಿಂತಿತ್ತು.

"ಕೋವಿಯಲ್ಲಿ ಏನೂ ಇಲ್ಲ" ಎಂದರು ಮುಂಡಪ್ಪ ಭಾವ. "ಕೋವಿ ಸರಿ ಉಂಟು ನೋಣಯ್ಯ. ನನ್ನ ಕಣ್ಣೇ ಸರಿ ಇಲ್ಲ. ಇವತ್ತು ಕಾಟಿ ಬಿದ್ದದ್ದು ಮೂಗಿನ ಹತ್ತಿರ ಇದ್ದದ್ದಕ್ಕೆ, ಕುರುಡನೂ ಹೊಡೀತಿದ್ದ. ತಪ್ಪು ನನ್ನದು."

ನೀಲಾವತಿಯ ಕೈಯ ಚಮಚದಿಂದ ಗಂಜಿ ಚಾಪೆಗೆ ಚೆಲ್ಲಿತು. ನೋಣಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕ್ಷಮಿಸಿದೆ ಎಂದು ಹೇಳುವುದು ಅವನಿಗೆ ಸಾಧ್ಯವಿರಲಿಲ್ಲ, ಯಾಕೆ ಹೇಳಬೇಕು?

ಹೊರಗೆ ಬಂದ ಮೇಲೆ ನಾನು ಅವರ ಕೈ ಹಿಡಿದು ನಿಲ್ಲಿಸಿದೆ. "ನಿಮಗೆ ತಲೆ ಕೆಟ್ಟಿತಾ ಭಾವ? ಇಷ್ಟೆಲ್ಲ ಮಾಡಿದ್ದು ಇದಕ್ಕಾ?"

"ಕಣ್ಣು ಹೋಯಿತು ಅಂತ ಊರವರು ನಾಲ್ಕು ದಿನ ಆಡಿಕೊಳ್ತಾರೆ, ಆಡಿಕೊಳ್ಳಲಿ" ಎಂದರು. "ಆ ಎಣ್ಣೆಯ ವಿಷಯ ಗೊತ್ತಾದರೆ ಅವಳು ಇನ್ನು ಈ ಮನೆಯ ಮೆಟ್ಟಿಲು ಹತ್ತುತ್ತಾಳಾ? ಆ ಮಗುವನ್ನು ಮುಟ್ಟುತ್ತಾಳಾ? ನೀವೂ ಹೇಳಬಾರದು. ಬಾಯಿ ಬಿಟ್ಟರೆ ಈ ಕೋವಿ ಇನ್ನೂ ಸರಿ ಉಂಟು, ನೆನಪಿರಲಿ."

ನನಗೆ ನಗು ಬರಲಿಲ್ಲ. ನನ್ನ ಹೆಂಡತಿಯ ಹೊರೆಯನ್ನು ನಾನು ಹೊರಬೇಕಿತ್ತು, ಅವರು ಹೊತ್ತರು, ಅದೂ ತನಗೆ ಜೀವಕ್ಕಿಂತ ಹೆಚ್ಚಾಗಿದ್ದನ್ನು ಕೊಟ್ಟು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅವರ ಕಾಲು ಹಿಡಿಯಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಹಿಂದೆ ಹಿಂದೆ ನಡೆದೆ.

ಊರವರು ನಾಲ್ಕು ದಿನಕ್ಕೆ ನಿಲ್ಲಿಸಲಿಲ್ಲ. ಆ ವರ್ಷದಿಂದ ಹಂದಿ ಬಂದರೆ ಬೇರೆಯವರನ್ನು ಕರೆಯತೊಡಗಿದರು. ಭಾವ ತನ್ನ ಪಾಲಿನ ಒಂದು ಗದ್ದೆಯನ್ನು ನೋಣಯ್ಯನ ಹೆಸರಿಗೆ ಮಾಡಿಸಿ ಕೊಟ್ಟರು. ಆದರೂ ಅವನು ಮೊದಲಿನ ಹಾಗೆ ಅವರ ಜಗಲಿಗೆ ಬಂದು ಕೂರಲಿಲ್ಲ.

ನೀಲಾವತಿ ಮಾತ್ರ ಅಣ್ಣನ ಕಣ್ಣಿಗೆಂದು ಪೊಳಲಿಯ ಅಮ್ಮನಿಗೆ ಹರಕೆ ಹೊತ್ತಳು. ಆಚಾರಿಯಿಂದ ಬೆಳ್ಳಿಯ ಎರಡು ಕಣ್ಣು ಮಾಡಿಸಿ, ನಮ್ಮಿಬ್ಬರನ್ನೂ ಎಳೆದುಕೊಂಡು ಹೋದಳು. ದೇವಿಯ ನಡೆಯಲ್ಲಿ ನಿಂತು ಅವಳು ಅಳುತ್ತಳುತ್ತ, "ಅಮ್ಮಾ, ನಾನು ಏನು ತಪ್ಪು ಮಾಡಿದ್ದರೂ ನನಗೆ ಶಿಕ್ಷೆ ಕೊಡು, ಅಣ್ಣನ ಕಣ್ಣು ಸರಿ ಮಾಡು" ಎಂದು ಬೇಡಿಕೊಂಡಳು. ಹೊಳೆಯಾಚೆಯ ಬೋರ್ಡು ಓದುವ ಆ ಮನುಷ್ಯ, "ಎಲ್ಲಿ ತಟ್ಟೆ? ನನಗೆ ಕಾಣುವುದಿಲ್ಲ, ಸ್ವಲ್ಪ ಕೈ ಹಿಡಿ" ಎಂದು ತಂಗಿಯ ಕೈ ಹಿಡಿದುಕೊಂಡು ಆ ಬೆಳ್ಳಿಯ ಕಣ್ಣುಗಳನ್ನು ಹರಿವಾಣದಲ್ಲಿ ಇಟ್ಟರು.